ಬಳೆಚೂರಿನ ಬೊಂಬೆಗಳಿಗೆ ಕಾನೂನಿನ ಕಾವಲು ಏಕಿಲ್ಲ?

2025ರ ಮಾರ್ಚ್ ತಿಂಗಳಲ್ಲಿ, ಒಡೆದ ಬಳೆ, ಮಡಕೆ, ಪಿಂಗಾಣಿಗಳಿಂದ ಕಟ್ಟಿದ ಶಿಲ್ಪಗಳ ತೋಟವಾದ ಚಂಡೀಗಢದ ರಾಕ್ ಗಾರ್ಡನ್‌ನ ಗೋಡೆಯ ಒಂದು ಭಾಗವನ್ನು ಅಲ್ಲಿನ ಆಡಳಿತವೇ ಕೆಡವಿ ಹಾಕಿತು. ಮಗ್ಗುಲಲ್ಲಿರುವ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋಗುವ ರಸ್ತೆ ಅಗಲವಾಗಬೇಕಿತ್ತು, ವಾಹನ ನಿಲ್ಲಿಸಲು ಜಾಗ ಬೇಕಿತ್ತು. ಕಲಾವಿದರು, ಊರಿನ ಹಿರಿಯರು, ಮರಗಳ ಬಗ್ಗೆ ಕಾಳಜಿಯುಳ್ಳವರು ಫಲಕ ಹಿಡಿದು ಪ್ರತಿಭಟಿಸಿದರು. ಅಷ್ಟರಲ್ಲಿ ಗೋಡೆ ಬಿದ್ದಾಗಿತ್ತು.

ಸುದ್ದಿ ಓದಿದ ಹಲವರಿಗೆ ಎರಡು ಸಂಗತಿಗಳು ಅರ್ಥವಾಗಲಿಲ್ಲ. ಅಂಚೆಚೀಟಿಯ ಮೇಲೆ ಮೂಡಿದ, ಪದ್ಮಶ್ರೀ ಪಡೆದ ಕಲಾವಿದ ನೇಕ್ ಚಂದ್ ಅವರ ಹೆಸರು ಹೊತ್ತ ತೋಟವೊಂದಕ್ಕೆ ಬುಲ್ಡೋಜರ್ ನುಗ್ಗಿಸಲು ಸಾಧ್ಯವೇ, ಅದು ಸಂರಕ್ಷಿತ ತಾಣವಲ್ಲವೇ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ವಿಚಿತ್ರ. ಅದೇ ಹೈಕೋರ್ಟಿನ ಕಟ್ಟಡದಲ್ಲಿ ಒಂದು ವರಾಂಡ ಕಟ್ಟಿದರೆ ವಿಶ್ವ ಪರಂಪರೆಗೆ ಧಕ್ಕೆಯಾಗುತ್ತದೆ ಎಂದು ಅದೇ ಆಡಳಿತ ಅದೇ ದಿನಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದಿಸುತ್ತಿತ್ತು. ವರಾಂಡಕ್ಕೆ ಇಷ್ಟು ಮಡಿ, ಗೋಡೆಗೆ ಏಕಿಲ್ಲ?

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಅದನ್ನು ಹುಡುಕಲು 1950ರ ದಶಕಕ್ಕೆ ಹೋಗಬೇಕು.

ಕದ್ದು ಕಟ್ಟಿದ ಊರು

ನೇಕ್ ಚಂದ್ ಸೈನಿ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಶಕರ್‌ಗಢ ಸೀಮೆಯ ಒಂದು ಹಳ್ಳಿಯಲ್ಲಿ. ದೇಶ ವಿಭಜನೆಯಾದಾಗ ಕುಟುಂಬ ಊರು ಬಿಟ್ಟು ಈಚೆ ಬಂತು. 1950ರ ದಶಕದ ಆರಂಭದಲ್ಲಿ ಅವರು ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆದರು. ಲಾಹೋರನ್ನು ಕಳೆದುಕೊಂಡ ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಫ್ರಾನ್ಸಿನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ನಗರ ಮೇಲೇಳುತ್ತಿತ್ತು. ಅದಕ್ಕಾಗಿ ಹಲವು ಹಳ್ಳಿಗಳನ್ನು ತೆರವು ಮಾಡಲಾಗಿತ್ತು. ಕೆಡವಿದ ಮನೆಗಳ ಅವಶೇಷ ರಾಶಿ ರಾಶಿಯಾಗಿ ಬಿದ್ದಿತ್ತು. ಒಡೆದ ಮಡಕೆ, ಬಳೆಚೂರು, ಪಿಂಗಾಣಿ, ಸುಟ್ಟು ಕರಕಲಾದ ಇಟ್ಟಿಗೆ, ಹಳೆಯ ಸೈಕಲ್ ಚೌಕಟ್ಟು, ಏನುಂಟು ಏನಿಲ್ಲ.

ಕೆಲಸ ಮುಗಿದ ಮೇಲೆ ನೇಕ್ ಚಂದ್ ಇವನ್ನೆಲ್ಲ ಸೈಕಲ್ಲಿನಲ್ಲಿ ಹೇರಿಕೊಂಡು ಸುಖ್ನಾ ಕೆರೆಯ ಸಮೀಪದ ಕಾಡಿನೊಳಗೆ ಸಾಗಿಸುತ್ತಿದ್ದರು. ಅದು ಏನನ್ನೂ ಕಟ್ಟಬಾರದೆಂದು ಕಾದಿಟ್ಟಿದ್ದ ಸರ್ಕಾರಿ ಭೂಮಿ. ಸುಮಾರು 1957ರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿ ರಾತ್ರಿ ಹೊತ್ತಿನಲ್ಲಿ ಕಲ್ಲು ಜೋಡಿಸಿ, ಅಂಗಳ ಮಾಡಿ, ಬೊಂಬೆ ನಿಲ್ಲಿಸಿದರು. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹತ್ತು ಎಕರೆ ಮೀರಿ ಹಬ್ಬಿತ್ತು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಅದು ಅಪ್ಪಟ ಒತ್ತುವರಿ, ಅದೂ ಸರ್ಕಾರಿ ನೌಕರನೇ ಮಾಡಿದ್ದು.

ನಿಯಮದ ಪ್ರಕಾರ ಅದನ್ನು ಕೆಡವಬೇಕಿತ್ತು, ಆತನ ಮೇಲೆ ಕ್ರಮ ಜರುಗಿಸಬೇಕಿತ್ತು. ನಗರದ ಹಸಿರಿನ ವಿನ್ಯಾಸಕ್ಕೆ ಹೊಣೆಯಾಗಿದ್ದ ಎಂ.ಎಸ್. ರಂಧಾವಾ ಅವರಂಥ ಅಧಿಕಾರಿಗಳು ಬೇರೆ ದಾರಿ ಹಿಡಿದರು. 1976ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ನೇಕ್ ಚಂದ್ ಅವರಿಗೆ ‘ಉಪವಿಭಾಗೀಯ ಎಂಜಿನಿಯರ್, ರಾಕ್ ಗಾರ್ಡನ್’ ಎಂಬ ಹುದ್ದೆ, ಸಂಬಳ, ಐವತ್ತು ಕೂಲಿಯಾಳುಗಳು ಸಿಕ್ಕರು. 1983ರಲ್ಲಿ ಅಂಚೆಚೀಟಿ, 1984ರಲ್ಲಿ ಪದ್ಮಶ್ರೀ. ತೋಟ ಎರಡನೆಯ ಮತ್ತು ಮೂರನೆಯ ಹಂತವಾಗಿ ಬೆಳೆದು ಇಂದು ಸುಮಾರು 40 ಎಕರೆ ಎಂದು ಹೆಸರಾಗಿದೆ. 2015ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕಾನೂನು ಬದಲಾಗಿ ಈ ತೋಟ ಉಳಿದದ್ದಲ್ಲ. ಕೆಲವು ಅಧಿಕಾರಿಗಳು ಕಾನೂನನ್ನು ಪಕ್ಕಕ್ಕಿಟ್ಟದ್ದರಿಂದ ಉಳಿಯಿತು. ಅಂದು ಅನುಕೂಲವಾದ ಈ ಏರ್ಪಾಟೇ ಮುಂದೆ ಕೊರಳಿಗೆ ಸುತ್ತಿಕೊಂಡಿತು.

ಬೊಂಬೆಯ ಒಳಗೇನಿದೆ

ರಾಕ್ ಗಾರ್ಡನ್ ಎಂದರೆ ಬರೀ ಬಂಡೆಗಳ ತೋಟ ಎಂದುಕೊಂಡವರೇ ಹೆಚ್ಚು. ಹೆಸರು ದಾರಿ ತಪ್ಪಿಸುತ್ತದೆ. ಅದರ ಜೀವವಿರುವುದು ಸಾಲು ಸಾಲಾಗಿ ನಿಂತ ಸಾವಿರಾರು ಆಕೃತಿಗಳಲ್ಲಿ: ಹೆಂಗಸರು, ಗಂಡಸರು, ಕೋತಿಗಳು, ನವಿಲುಗಳು, ಹೆಸರಿಡಲಾಗದ ಪ್ರಾಣಿಗಳು.

ಒಂದು ಹೆಂಗಸಿನ ಬೊಂಬೆಯನ್ನು ಹತ್ತಿರದಿಂದ ನೋಡಿದರೆ ಕೆಲಸದ ಕ್ರಮ ತಿಳಿಯುತ್ತದೆ. ಒಳಗೆ ಕಬ್ಬಿಣದ ಸರಳು ಅಥವಾ ಹಳೆಯ ಸೈಕಲ್ಲಿನ ಭಾಗಗಳಿಂದ ಮಾಡಿದ ಅಸ್ಥಿಪಂಜರ. ಅದರ ಮೇಲೆ ಸಿಮೆಂಟು ಮತ್ತು ಮರಳಿನ ಗಾರೆ. ಗಾರೆ ಇನ್ನೂ ಹಸಿಯಾಗಿರುವಾಗಲೇ ಹೊರಮೈಗೆ ಬಳೆಚೂರುಗಳನ್ನು ಒಂದರ ಪಕ್ಕ ಒಂದರಂತೆ ಒತ್ತಿ ಕೂರಿಸಲಾಗಿದೆ. ಹಸಿರು ಗಾಜಿನ ಸಾಲು, ಅದರ ಕೆಳಗೆ ಕೆಂಪು, ಮತ್ತೆ ನೀಲಿ. ಕಮಾನಿನಂತೆ ಬಾಗಿದ ಚೂರುಗಳು ಒಟ್ಟಾಗಿ ಉಡುಪಿನ ನೆರಿಗೆಯಾಗುತ್ತವೆ. ಮುಖಕ್ಕೆ ಮಾತ್ರ ಬಣ್ಣವಿಲ್ಲ, ಅದು ಬರೀ ಸಿಮೆಂಟು. ಕಣ್ಣು ಬಾಯಿಗಳು ಎಷ್ಟು ಬೇಕೋ ಅಷ್ಟೇ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಉಡುಪು ಮಿನುಗುತ್ತದೆ, ಮುಖ ಮಂಕಾಗಿಯೇ ಇರುತ್ತದೆ. ಯಾರೋ ತೊಟ್ಟು ಒಡೆದ ಬಳೆ ಮತ್ತೆ ಹೆಣ್ಣಿನ ಮೈಮೇಲೆ ಬಂದಿದೆ. ‘ಕಸದಿಂದ ರಸ’ ಎಂಬ ಮಾತನ್ನು ಎಲ್ಲೆಂದರಲ್ಲಿ ಬಳಸಿ ಸವೆಸಿದ್ದೇವೆ. ಇಲ್ಲಿ ಅದು ಅಕ್ಷರಶಃ ನಿಜ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಲ್ಲಿ ಗೋಡೆ ಬೇರೆ, ಶಿಲ್ಪ ಬೇರೆ ಎಂಬ ವಿಂಗಡಣೆ ಸುಲಭವಲ್ಲ. ವಿದ್ಯುತ್ ಜೋಡಣೆಗೆ ಬಳಸುವ ಬಿಳಿ ಪಿಂಗಾಣಿಯ ಬಿಡಿಭಾಗಗಳನ್ನು ಒತ್ತೊತ್ತಾಗಿ ಹುದುಗಿಸಿದ ಗೋಡೆಗಳಿವೆ, ಮಡಕೆಗಳನ್ನು ಪೇರಿಸಿದ ಗೋಡೆಗಳಿವೆ. ನೋಡುವವನು ಇಕ್ಕಟ್ಟಾದ ಓಣಿಯಲ್ಲಿ ನಡೆದು, ತಗ್ಗಿದ ಬಾಗಿಲಲ್ಲಿ ತಲೆಬಾಗಿ ನುಗ್ಗಿ, ಥಟ್ಟನೆ ಬಯಲಿಗೆ ಬಂದು ಬೊಂಬೆಗಳ ದಂಡನ್ನು ಎದುರುಗೊಳ್ಳಬೇಕು. ಆ ಓಣಿ, ಆ ಬಾಗಿಲು, ಆ ಗೋಡೆ ಇಲ್ಲದಿದ್ದರೆ ಬೊಂಬೆಗಳು ವಸ್ತುಪ್ರದರ್ಶನದ ಮಳಿಗೆಯಲ್ಲಿ ಇಟ್ಟಂತೆ ಕಾಣುತ್ತವೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈಗ ನೆರೆಮನೆಯ ಕಥೆ. ರಾಕ್ ಗಾರ್ಡನ್ ಇರುವುದು ಸೆಕ್ಟರ್ 1ರಲ್ಲಿ. ಒಂದು ಕಡೆ ಸುಖ್ನಾ ಕೆರೆ, ಇನ್ನೊಂದು ಕಡೆ ಕ್ಯಾಪಿಟಲ್ ಕಾಂಪ್ಲೆಕ್ಸ್ ಎಂಬ ಸಮುಚ್ಚಯ. ಹೈಕೋರ್ಟ್, ವಿಧಾನಸಭೆ, ಸಚಿವಾಲಯ ಮೂರೂ ಇರುವ ಈ ಸಮುಚ್ಚಯವನ್ನು ಲೆ ಕಾರ್ಬೂಸಿಯೇ ರೂಪಿಸಿದರು. 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಏಳು ದೇಶಗಳಲ್ಲಿ ಹರಡಿರುವ ಅವರ 17 ನಿರ್ಮಾಣಗಳಲ್ಲಿ ಇದೂ ಒಂದು.

ಹೈಕೋರ್ಟಿನ ಕಟ್ಟಡ ಕಟ್ಟಿದ್ದು 1950ರ ದಶಕದ ಅಗತ್ಯಕ್ಕೆ. ಈಗ ಅದು ಎರಡು ರಾಜ್ಯಗಳು ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ ಮೊಕದ್ದಮೆಗಳನ್ನು ನೋಡುತ್ತದೆ. ನ್ಯಾಯಮೂರ್ತಿಗಳು, ವಕೀಲರು, ಗುಮಾಸ್ತರು, ಕಕ್ಷಿದಾರರು ಎಲ್ಲರ ಸಂಖ್ಯೆಯೂ ಬೆಳೆದಿದೆ, ಅವರೊಂದಿಗೆ ಕಾರುಗಳದ್ದೂ. ಆದರೆ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡದ ಆಚೀಚೆ ಮನಸ್ಸಿಗೆ ಬಂದಂತೆ ಕಟ್ಟುವಂತಿಲ್ಲ. ಒಂದು ಹಲಗೆ ಹೊಡೆಯಬೇಕೆಂದರೂ ಪರಂಪರಾ ಸಮಿತಿಯ ಪ್ರಶ್ನೆ ಏಳುತ್ತದೆ.

ಒತ್ತಡ ಎಲ್ಲಿ ಹೋಗಬೇಕು? ಪ್ರತಿರೋಧ ಕಡಿಮೆ ಇರುವ ಕಡೆಗೆ. ಕಾಗದಪತ್ರ ಗಟ್ಟಿಯಾಗಿರುವ ಮಗ್ಗುಲು ಅಲುಗುವುದಿಲ್ಲ, ಕಾಗದವೇ ಇಲ್ಲದ ಮಗ್ಗುಲು ಜಾಗ ಬಿಡುತ್ತದೆ. ವರಾಂಡಕ್ಕೆ ಮಡಿ, ಗೋಡೆಗೆ ಇಲ್ಲ ಎಂಬ ಒಗಟಿಗೆ ಉತ್ತರ ಇದು. ಹೈಕೋರ್ಟಿನ ಕಾಯಿಲೆಗೆ ಬರೆ ಬಿದ್ದದ್ದು ರಾಕ್ ಗಾರ್ಡನ್ನಿಗೆ.

ವರಾಂಡದ ಪ್ರಕರಣ ಮುಗಿದ ರೀತಿಯನ್ನೂ ಹೇಳಬೇಕು. ಮುಖ್ಯ ನ್ಯಾಯಮೂರ್ತಿಗಳ ಕೋರ್ಟ್ ಹಾಲಿನ ಮುಂದೆ ವರಾಂಡ ಕಟ್ಟಿ ಎಂದು ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತ್ತು. ಆಡಳಿತ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ವರಾಂಡದಿಂದ ಪರಂಪರೆಗೆ ಕುಂದಾಗದು ಎಂದಿತು, ಹಸಿರು ಪೇವರ್ (ಸಂದುಗಳಲ್ಲಿ ಹುಲ್ಲು ಬೆಳೆಯಲು ಬಿಡುವ ಹಾಸುಬಿಲ್ಲೆ) ಹಾಸಿ ವಾಹನ ನಿಲುಗಡೆ ಮಾಡುವ ಆದೇಶಕ್ಕೂ ಸಮ್ಮತಿಸಿತು. ಅಂದರೆ ಕಾಗದವಿದ್ದ ಕಡೆಯಲ್ಲಿ ಒಂದು ವರಾಂಡದ ಬಗ್ಗೆಯೂ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಚರ್ಚೆ ನಡೆಯಿತು. ಗೋಡೆಯ ವಿಷಯದಲ್ಲಿ ಚರ್ಚೆ ಶುರುವಾದದ್ದೇ ಅದು ಬಿದ್ದ ಮೇಲೆ.

ಎರಡೂ ಕಡೆಯ ಮಾತು

ಆಡಳಿತದ ಸಮರ್ಥನೆಯ ತಿರುಳು ಇಷ್ಟು: ಬಿದ್ದದ್ದು ಗೋಡೆಯ ಒಂದು ಭಾಗ, ಶಿಲ್ಪಗಳಿಗೆ ಏನೂ ಆಗಿಲ್ಲ, ಗೋಡೆಯನ್ನು ಒಳಕ್ಕೆ ಸರಿಸಿ ಮತ್ತೆ ಕಟ್ಟಬಹುದು, ನ್ಯಾಯಾಲಯಕ್ಕೆ ಬರುವ ಸಾವಿರಾರು ಜನರ ತೊಂದರೆಯೂ ಸಾರ್ವಜನಿಕ ಹಿತವೇ. ಇದನ್ನು ಕುಹಕದಿಂದ ತಳ್ಳಿಹಾಕುವಂತಿಲ್ಲ. ದೂರದ ಜಿಲ್ಲೆಯಿಂದ ವಾಯಿದೆಗೆ ಬಂದ ಕಕ್ಷಿದಾರ ರಸ್ತೆಯಲ್ಲೇ ಸಿಕ್ಕಿಕೊಂಡರೆ ಅವನಿಗೆ ಆಗುವ ನಷ್ಟ ನಿಜವಾದದ್ದೇ.

ವಿರೋಧಿಸುವವರ ವಾದ: ಗೋಡೆ ಆ ಕಲಾಕೃತಿಯ ಅಂಗ. ಜೊತೆಗೆ ಮರಗಳಿವೆ. ಇವತ್ತು ಗೋಡೆ, ನಾಳೆ ಅಂಗಳ. ಈ ಕೊನೆಯ ಅಂಜಿಕೆಗೆ ಇತಿಹಾಸದ ಬೆಂಬಲವೂ ಇದೆ. 1990ರ ಆಸುಪಾಸಿನಲ್ಲಿ ಇದೇ ತೋಟದ ಭಾಗವೊಂದನ್ನು ರಸ್ತೆಗಾಗಿ ನೆಲಸಮ ಮಾಡಲು ಬುಲ್ಡೋಜರ್ ಬಂದಾಗ ಊರಿನ ಜನ ಮಾನವ ಸರಪಳಿಯಾಗಿ ಅಡ್ಡ ನಿಂತು ಉಳಿಸಿಕೊಂಡಿದ್ದರು. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಕಿಡಿಗೇಡಿಗಳು ಹಲವು ಶಿಲ್ಪಗಳನ್ನು ಒಡೆದರು.

‘ಈ ಗೋಡೆ ನೇಕ್ ಚಂದ್ ಕೈಯಾರೆ ಕಟ್ಟಿದ್ದೇ?’ ಎಂಬ ಪ್ರಶ್ನೆ ಎರಡೂ ಪಾಳಯಗಳ ಜಗಳದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಅಳತೆಗೋಲೇ ತಪ್ಪು. ಎರಡನೆಯ ಮತ್ತು ಮೂರನೆಯ ಹಂತಗಳನ್ನು ಅವರು ಕೂಲಿಯಾಳುಗಳನ್ನು ಇಟ್ಟುಕೊಂಡು ಕಟ್ಟಿಸಿದರು. ಕೈಯಾರೆ ಮಾಡಿದ್ದು ಮಾತ್ರ ಕಲೆ ಎನ್ನುವುದಾದರೆ ತೋಟದ ಬಹುಪಾಲನ್ನು ಕೈಬಿಡಬೇಕಾಗುತ್ತದೆ. ಹಾಗೆಯೇ ಲೆ ಕಾರ್ಬೂಸಿಯೇ ಹೈಕೋರ್ಟಿಗೆ ಒಂದು ಇಟ್ಟಿಗೆಯನ್ನೂ ಇಡಲಿಲ್ಲ ಎಂದು ಯಾರಾದರೂ ಹೇಳಬಹುದು.

ಕಾನೂನಿನ ಕಪಾಟಿನಲ್ಲಿ ಜಾಗವಿಲ್ಲ

ಇನ್ನು ಮೊದಲ ಪ್ರಶ್ನೆ: ಇದು ಸಂರಕ್ಷಿತ ತಾಣವಲ್ಲವೇ?

ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದದ್ದು 1958ರಲ್ಲಿ. ಅದರ ಪ್ರಕಾರ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷದ ವಯಸ್ಸು ಬೇಕು. ತಮಾಷೆಯೆಂದರೆ ರಾಕ್ ಗಾರ್ಡನ್ ಮತ್ತು ಈ ಕಾಯ್ದೆ ಹೆಚ್ಚುಕಡಿಮೆ ಓರಗೆಯವು. ಈ ಬಾಗಿಲು ತೆರೆಯಲು 2057ರವರೆಗೆ ಕಾಯಬೇಕು. ಕಲಾಕೃತಿಗಳಿಗೆಂದೇ ಇರುವ 1972ರ ಕಾಯ್ದೆ ‘ಕಲಾ ಸಂಪತ್ತು’ ಎಂಬ ಪಟ್ಟ ಕೊಡುತ್ತದೆ. ಅದರ ಮುಖ್ಯ ಗಮನ ಕೃತಿ ದೇಶ ಬಿಟ್ಟು ಹೋಗದಂತೆ ತಡೆಯುವುದು. ನೆಲಕ್ಕೆ ಅಂಟಿಕೊಂಡ ತೋಟವನ್ನು ಯಾರೂ ಹಡಗಿಗೆ ಹೇರಿಸುವುದಿಲ್ಲವಾದ್ದರಿಂದ ಅದೂ ಉಪಯೋಗಕ್ಕೆ ಬಾರದು.

ಉಳಿದದ್ದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ. ಕೃತಿಯನ್ನು ಮಾರಿದ ಮೇಲೂ, ಹಕ್ಕುಸ್ವಾಮ್ಯ ಬೇರೆಯವರಿಗೆ ಹೋದ ಮೇಲೂ ಕಲಾವಿದನಲ್ಲಿ ಉಳಿಯುವ ಎರಡು ಹಕ್ಕುಗಳನ್ನು ಅದು ಹೇಳುತ್ತದೆ. ಇದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳುವುದು ಒಂದು. ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವುದು ಇನ್ನೊಂದು. ಕಲಾವಿದ ತೀರಿಕೊಂಡ ಮೇಲೆ ಕಾನೂನುಬದ್ಧ ಪ್ರತಿನಿಧಿಗಳು ಇದನ್ನು ಚಲಾಯಿಸಬಹುದು. ನೇಕ್ ಚಂದ್ 1976ರ ನಂತರ ಸರ್ಕಾರಿ ಸಂಬಳದಲ್ಲಿ ಮಾಡಿದ ಕೆಲಸದ ಹಕ್ಕುಸ್ವಾಮ್ಯ ಸರ್ಕಾರದ್ದೇ ಎಂದು ವಾದಿಸಬಹುದು. ಆದರೆ 57ನೇ ಕಲಮಿನ ಹಕ್ಕು ಹಕ್ಕುಸ್ವಾಮ್ಯಕ್ಕೆ ಜೋತುಬಿದ್ದದ್ದಲ್ಲ.

ಇದರ ಬಲ ಎಷ್ಟು ಎಂಬುದಕ್ಕೆ ದೆಹಲಿ ಹೈಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಕಂಚಿನ ಬೃಹತ್ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಸರ್ಕಾರ ಅದನ್ನು ಕಿತ್ತು ಉಗ್ರಾಣಕ್ಕೆ ಎಸೆಯಿತು. 2005ರಲ್ಲಿ ನ್ಯಾಯಾಲಯ ಶಿಲ್ಪಿಯ ಪರ ನಿಂತಿತು. ನಾಶ ಮಾಡುವುದು ವಿರೂಪದ ಪರಮಾವಧಿ ಎಂದು ಬಗೆದು ಅವಶೇಷಗಳನ್ನು ಹಿಂದಿರುಗಿಸಲು, ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಮುಂದೆ 2017ರಲ್ಲಿ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು ಕೆಡವಿದಾಗ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ಇದೇ ಕಲಮಿನ ಮೊರೆಹೋದರು. 2019ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಕಟ್ಟಡದ ಒಡೆಯನಿಗೆ ತನ್ನ ಆಸ್ತಿಯ ಮೇಲೆ ಹಕ್ಕಿದೆ, ಪೂರ್ತಿ ಇಲ್ಲವಾದ ಕಟ್ಟಡ ಯಾರ ಕಣ್ಣಿಗೂ ಬೀಳದ್ದರಿಂದ ವಾಸ್ತುಶಿಲ್ಪಿಯ ಹೆಸರಿಗೆ ಮಸಿ ಬಳಿಯುವ ಪ್ರಶ್ನೆಯೇ ಇಲ್ಲ ಎಂಬುದು ಆ ತೀರ್ಪಿನ ತರ್ಕ.

ಈ ತರ್ಕವನ್ನು ಚಂಡೀಗಢಕ್ಕೆ ಅನ್ವಯಿಸಿದರೆ ಒಂದು ವಿಚಿತ್ರ ಫಲ ಬರುತ್ತದೆ. ಇಡೀ ತೋಟವನ್ನೇ ನೆಲಸಮ ಮಾಡಿದರೆ ಕಲಾವಿದನ ಕಡೆಯವರ ದೂರು ದುರ್ಬಲ, ಒಂದು ಗೋಡೆ ಮುರಿದು ಉಳಿದದ್ದನ್ನು ಊನವಾಗಿ ನಿಲ್ಲಿಸಿದರೆ ದೂರು ಬಲವಾದದ್ದು! ಅದರ ಮೇಲೆ ಮತ್ತೊಂದು ತೊಡಕು. ಆ ಗೋಡೆ ಶಿಲ್ಪವೋ ಕಟ್ಟಡವೋ? ಶಿಲ್ಪವಾದರೆ ಸೆಹಗಲ್ ತೀರ್ಪು ನೆರವಿಗೆ ಬರುತ್ತದೆ, ಕಟ್ಟಡವಾದರೆ ರೇವಾಲ್ ತೀರ್ಪು ಅಡ್ಡ ಬರುತ್ತದೆ. ಎರಡೂ ಆಗಿರುವ ವಸ್ತುವಿಗೆ ನಮ್ಮ ಕಾನೂನಿನ ಕಪಾಟಿನಲ್ಲಿ ಖಾನೆಯೇ ಇಲ್ಲ.

ನಗರದ ಸ್ಥಾಪಕ ನಿಯಮಗಳನ್ನು ಹೇಳುವ ‘ಚಂಡೀಗಢ ಶಾಸನ’ ಎಂಬ ಪ್ರಕಟಣೆ ಊರಿನಲ್ಲಾಗಲಿ ಉದ್ಯಾನಗಳಲ್ಲಾಗಲಿ ವ್ಯಕ್ತಿಗಳ ಪ್ರತಿಮೆ ನಿಲ್ಲಿಸಕೂಡದು ಎಂದು ಸಾರುತ್ತದೆ. ಪ್ರತಿಮೆಗಳ ದೇಶದಲ್ಲಿ ಅಪರೂಪದ ವಿವೇಕ. ಆದರೆ ಅದೇ ಊರಿನ ಅತಿ ಜನಪ್ರಿಯ ತಾಣದಲ್ಲಿ ಸಾವಿರಾರು ಬೊಂಬೆಗಳಿವೆ. ನಿಯಮ ಮುರಿದಿಲ್ಲ ಎನ್ನಬಹುದು, ಏಕೆಂದರೆ ಇವು ಯಾವ ವ್ಯಕ್ತಿಯ ಪ್ರತಿಮೆಗಳೂ ಅಲ್ಲ. ಹೆಸರಿದ್ದ ಪ್ರತಿಮೆಯಾಗಿದ್ದರೆ ಅದನ್ನು ಮುಟ್ಟಲು ಯಾವ ಆಡಳಿತವೂ ಹತ್ತು ಸಲ ಯೋಚಿಸುತ್ತಿತ್ತು.

ಸದ್ದಿಲ್ಲದ ಬುಲ್ಡೋಜರ್

ಯಂತ್ರ ಬಂದರೆ ಸುದ್ದಿಯಾಗುತ್ತದೆ. ಮಳೆ ಬಂದರೆ ಆಗುವುದಿಲ್ಲ. ಹೊಸ ಸಿಮೆಂಟು ಗಾರೆ ಕ್ಷಾರಗುಣದ್ದು, ಒಳಗಿನ ಕಬ್ಬಿಣ ತುಕ್ಕು ಹಿಡಿಯದಂತೆ ಆ ಕ್ಷಾರವೇ ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಗಿಳಿದು ಆ ಗುಣವನ್ನು ತಗ್ಗಿಸುತ್ತದೆ. ಆಮೇಲೆ ತೇವ ಸಿಕ್ಕರೆ ಸಾಕು, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಅದು ಗಾರೆಯನ್ನು ಒಳಗಿನಿಂದ ಒತ್ತಿ ಬಿರಿಯುವಂತೆ ಮಾಡುತ್ತದೆ. ಬಿರುಕಿನಲ್ಲಿ ಮತ್ತಷ್ಟು ನೀರು ಇಳಿಯುತ್ತದೆ. ಸೈಕಲ್ ಕೊಳವೆಯ ಮೇಲೆ ತೆಳ್ಳಗೆ ಗಾರೆ ಮೆತ್ತಿದ ಕೈಬೆರಳುಗಳು, ಕಾಲುಗಳು ಮೊದಲು ಹೋಗುತ್ತವೆ. ಗಾಜು ಮತ್ತು ಸಿಮೆಂಟು ಬಿಸಿಲಿಗೆ ಹಿಗ್ಗುವ ಪ್ರಮಾಣವೂ ಒಂದೇ ಅಲ್ಲ. ಉತ್ತರ ಭಾರತದ ಬೇಸಿಗೆ, ಚಳಿಗಳ ನಡುವೆ ಬಳೆಚೂರುಗಳು ಒಂದೊಂದಾಗಿ ಸಡಿಲವಾಗುತ್ತವೆ.

ದುರಸ್ತಿಯಲ್ಲೂ ಅಪಾಯವಿದೆ. ಬಿದ್ದ ಚೂರಿನ ಜಾಗಕ್ಕೆ ಮಾರುಕಟ್ಟೆಯ ಹೊಸ ಟೈಲ್ಸ್ ಒಡೆದು ಅಂಟಿಸಿದರೆ ಬಣ್ಣವೇನೋ ಬರುತ್ತದೆ. ಆದರೆ ಮನೆಮನೆಯ ಕಸದಿಂದ ಬಂದದ್ದು ಎಂಬ ಮೂಲಗುಣವೇ ಹೋಗುತ್ತದೆ. ಯಾವ ಬೊಂಬೆ ಎಲ್ಲಿತ್ತು, ಹೇಗಿತ್ತು ಎಂಬ ಪೂರ್ತಿ ದಾಖಲೆ ಕೈಯಲ್ಲಿ ಇಲ್ಲದೆ ದುರಸ್ತಿಗೆ ಇಳಿಯುವುದು ಕಣ್ಣು ಕಟ್ಟಿಕೊಂಡು ನಡೆದಂತೆ.

ಹೊರಗಿನ ಎರಡು ಉದಾಹರಣೆಗಳು

ಇಂಥ ಕೃತಿಗಳು ಬೇರೆ ಕಡೆಯೂ ಇವೆ. ಅವು ಉಳಿದ ಬಗೆ ಬೋಧಪ್ರದ. ಫ್ರಾನ್ಸಿನ ಓತ್ರೀವ್ ಎಂಬ ಹಳ್ಳಿಯ ಅಂಚೆಯವನು ಫರ್ಡಿನಾಂಡ್ ಶೆವಾಲ್. ಟಪಾಲು ಹಂಚುವ ದಾರಿಯಲ್ಲಿ ಸಿಕ್ಕ ಕಲ್ಲುಗಳಿಂದ 1879ರಿಂದ 1912ರವರೆಗೆ 33 ವರ್ಷ ಒಬ್ಬನೇ ಒಂದು ಅರಮನೆ ಕಟ್ಟಿದ. 1969ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೊ ತಮ್ಮದೇ ಇಲಾಖೆಯವರ ಅಸಮ್ಮತಿಯನ್ನು ಬದಿಗೊತ್ತಿ ಅದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. ನೂರು ವರ್ಷ ಕಾಯಲಿಲ್ಲ.

ಲಾಸ್ ಏಂಜಲೀಸಿನ ವಾಟ್ಸ್ ಗೋಪುರಗಳದ್ದು ಇನ್ನೂ ರೋಚಕ ಕಥೆ. ಇಟಲಿಯಿಂದ ವಲಸೆ ಬಂದ ಕೂಲಿ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಕಬ್ಬಿಣದ ಸರಳು, ಗಾರೆ, ಒಡೆದ ಬಾಟಲಿ ಮತ್ತು ಪಿಂಗಾಣಿಗಳಿಂದ ಅವನ್ನು ಎಬ್ಬಿಸಿದ. ಎತ್ತರದ ಗೋಪುರ ಸುಮಾರು 30 ಮೀಟರ್. ಇವು ಅಪಾಯಕಾರಿ, ಕೆಡವಿ ಎಂದು ನಗರಾಡಳಿತ ಹೇಳಿತು. 1959ರಲ್ಲಿ ಹೋರಾಟಗಾರರು ಸವಾಲು ಸ್ವೀಕರಿಸಿ ಎಲ್ಲರೆದುರು ಪರೀಕ್ಷೆ ನಡೆಸಿದರು. ಗೋಪುರಕ್ಕೆ ಉಕ್ಕಿನ ಹಗ್ಗ ಬಿಗಿದು ಸುಮಾರು 4,500 ಕಿಲೋ ಬಲದಿಂದ ಎಳೆಯಲಾಯಿತು. ಬಾಗಿದ್ದು ಎಳೆಯುವ ಉಪಕರಣದ ತೊಲೆ, ಗೋಪುರವಲ್ಲ. ಕೆಡವುವ ಆದೇಶ ಅಲ್ಲಿಗೆ ಮುಗಿಯಿತು. ಆದರೆ ಆ ವೀರಾವೇಶಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನಂತರ ನಡೆದದ್ದು. ಗೋಪುರಗಳ ಒಡೆತನ ರಾಜ್ಯಕ್ಕೆ ಹೋಯಿತು, 1990ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮನ್ನಣೆ ಬಂತು.

ಚಂಡೀಗಢದಲ್ಲಿ ಮಾನವ ಸರಪಳಿಯ ವೀರಾವೇಶ ನಡೆಯಿತು, ಅದರ ಹಿಂದಿನಿಂದ ಇಂಥ ಗಟ್ಟಿ ಕಾಗದ ಬರಲಿಲ್ಲ. ಜನರ ಪ್ರೀತಿಯೇ ಸಾಕೆಂದುಕೊಂಡರು. ಮೂರೂವರೆ ದಶಕದ ನಂತರ ಅದೇ ಕಾರಣಕ್ಕೆ ಅದೇ ಯಂತ್ರ ಮತ್ತೆ ಬಂತು.

ಮುಂದೇನಾಗಬಹುದು

ಗೋಡೆಯನ್ನು ಮತ್ತೆ ಕಟ್ಟುವುದು ಕಷ್ಟವಲ್ಲ. ಕಷ್ಟವಿರುವುದು ಅದು ಯಾವ ಗೆರೆಯ ಮೇಲೆ ನಿಲ್ಲಬೇಕು ಎಂಬುದರಲ್ಲಿ. ತೋಟದ ಸರಹದ್ದನ್ನು ಅಳೆದು, ನಕ್ಷೆಯಲ್ಲಿ ಗುರುತಿಸಿ, ನಗರದ ಪರಂಪರಾ ನಿಯಮಗಳಡಿ ಅಧಿಸೂಚನೆ ಹೊರಡಿಸಿದರೆ ಮುಂದಿನ ಅಧಿಕಾರಿ ಆ ಗೆರೆ ದಾಟಲು ಕಾರಣ ಬರೆದುಕೊಡಬೇಕಾಗುತ್ತದೆ. ಹಾಗೆ ಮಾಡದಿದ್ದರೆ ಇಂದು ಒಳಸರಿದ ಗೋಡೆಯೇ ನಾಳೆಯ ಸರಹದ್ದು. ಚಂಡೀಗಢಕ್ಕೆ ತನ್ನದೇ ಪರಂಪರಾ ಸಂರಕ್ಷಣಾ ಸಮಿತಿಯಿದೆ. ಉತ್ತರದ ಸೆಕ್ಟರುಗಳಲ್ಲಿ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದಕ್ಕೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದಾಗಲೂ ಪರಂಪರೆಯ ಪ್ರಶ್ನೆಯೇ ಮುಂದೆ ಇತ್ತು. ಅಂದರೆ ಉಪಕರಣಗಳಿವೆ, ಅವನ್ನು ಈ ತೋಟದ ಮೇಲೆ ಪ್ರಯೋಗಿಸುವ ಮನಸ್ಸು ಬೇಕು.

ಹೈಕೋರ್ಟಿನ ಬದಿಯಲ್ಲಿ ಪಾರ್ಕಿಂಗ್ ಹಸಿವು ತಣಿಯುವ ಲಕ್ಷಣವಿಲ್ಲ. ರಸ್ತೆ ಅಗಲವಾದಷ್ಟೂ ಕಾರು ತರುವವರು ಹೆಚ್ಚುತ್ತಾರೆ, ಕೆಲವೇ ವರ್ಷಗಳಲ್ಲಿ ಮತ್ತೆ ಇಕ್ಕಟ್ಟು. ಕಚೇರಿಗಳ ಒಂದು ಭಾಗವನ್ನು ಬೇರೆಡೆಗೆ ಸಾಗಿಸುವುದು, ದೂರದಲ್ಲಿ ವಾಹನ ನಿಲ್ಲಿಸಿ ಬಸ್ಸಿನಲ್ಲಿ ಕರೆತರುವುದು, ಆನ್‌ಲೈನ್ ವಿಚಾರಣೆಯನ್ನು ಹೆಚ್ಚಿಸುವುದು ಇವೆಲ್ಲ ನಿಧಾನದ, ದುಬಾರಿಯ ದಾರಿಗಳು. ಗೋಡೆ ಕೆಡವುವುದು ಅಗ್ಗ.

ನೇಕ್ ಚಂದ್ ಅವರ ಕಾಲದಲ್ಲಿ ಗೋಡೆಗೆ ಬೇಕಾದ ಸಾಮಗ್ರಿ ಊರಿನ ಕಸದಿಂದ ಬರುತ್ತಿತ್ತು. ಈಗ ಕೆಡವಿದ ಗೋಡೆಯ ಅವಶೇಷವೇ ಒಂದು ರಾಶಿ. ಹೊಸ ಗೋಡೆಯ ಅಂದಾಜುಪಟ್ಟಿಯಲ್ಲಿ ಆ ರಾಶಿಗೆ ಜಾಗವಿದೆಯೇ, ಇಲ್ಲವೇ ಲಾರಿಯಲ್ಲಿ ತುಂಬಿ ಊರಾಚೆ ಸುರಿಯುತ್ತಾರೆಯೇ ಎಂಬುದು ಆ ಗುತ್ತಿಗೆಯ ಕಡತ ಬಿಚ್ಚಿದಾಗ ತಿಳಿಯುತ್ತದೆ.